ಹೊಗೆ ಹಾಕುವ ಪುಡಿ

ಸಾವಾದ ಮನೆಯವನಿಗೆ ನಗು ಬರಬಾರದು ಅಂತ ಊರವರ ಎಣಿಕೆ. ಆದರೆ ನಗಿಸುವ ಪ್ರಸಂಗಗಳು ಮನೆ ನೋಡಿಕೊಂಡು ಬರುವುದಿಲ್ಲ. ನಾನು ಬಸ್ ಕಂಡಕ್ಟರ್. ಹೆಂಡತಿ ತೀರಿಕೊಂಡ ವರ್ಷ ನನ್ನ ಬಸ್ಸು ನಿಂತ ಊರಲ್ಲೆಲ್ಲ ಅವು ನನಗಾಗಿ ಕಾದು ಕೂತಿದ್ದವು.

ವಿಷಯ ಇಷ್ಟೆ. ಪಿತೃಪಕ್ಷಕ್ಕೆ ಅವಳಿಗೆ ಮೊದಲ ಎಡೆ ಇಡಬೇಕಿತ್ತು. ಹೋದವರಿಗೆ ಇಷ್ಟವಾದದ್ದನ್ನೇ ಇಡಬೇಕು. ಅವಳಿಗೆ ಇಷ್ಟ ಹಂದಿ ಬಾಡು. ಅದೂ ಮಸಾಲೆ ಪುಡಿ ಸವರಿ, ಬಚ್ಚಲ ಒಲೆ ಮೇಲೆ ತಂತಿಗೆ ನೇತುಹಾಕಿ, ಹೊಗೆಯಲ್ಲಿ ಕಪ್ಪಾದದ್ದು. ಪುಡಿಯನ್ನು ಅವಳೇ ಹುರಿದು ಕುಟ್ಟುತ್ತಿದ್ದಳು. ಏನೇನು ಹಾಕುತ್ತಿದ್ದಳೋ, ನಾನೂ ಕೇಳಲಿಲ್ಲ, ಮಗಳೂ ಕೇಳಲಿಲ್ಲ. ಅರಕಲಗೂಡಿನ ಅವಳ ತಮ್ಮನಿಗೆ ಫೋನ್ ಮಾಡಿದರೆ, "ನಾನು ತಿಂದೋನು ಕಣ್ ಭಾವ, ಕುಟ್ಟಿದೋನಲ್ಲ" ಅಂದ. ಅಂಗಡಿ ಪುಡಿಯೇ ಗತಿಯಾಯಿತು.

ಹಾಸನ

ದೊಡ್ಡ ಅಂಗಡಿ. ಒಳಗೆಲ್ಲ ಎಸಿ ತಣ್ಣಗೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ಕೇಳಿದೆ: "ಒಗೆ ಆಕಕ್ಕೆ ಒಂದು ಪುಡಿ ಬೇಕಿತ್ತು ಕಣವ್ವ."

ಹಕಾರ ನಮ್ಮ ಬಾಯಲ್ಲಿ ನಿಲ್ಲುವುದಿಲ್ಲ. ಅವಳು ಸೀದಾ ಬಟ್ಟೆ ಸೋಪಿನ ಸಾಲಿಗೆ ಕರೆದೊಯ್ದಳು. "ಮೆಷಿನ್ನಿಗಾ ಅಂಕಲ್, ಕೈಯಲ್ಲಿ ಒಗೆಯೋದಾ?"

"ಒಗೆಯೋದಲ್ಲ ಕಣವ್ವ. ಬಾಡಿಗೆ ಸವರೋ ಪುಡಿ."

"ಓ, ಬಾಡಿಗಾ!" ಅಂತ ಟಾಲ್ಕಂ ಪೌಡರ್ ಡಬ್ಬ ಕೈಗಿಟ್ಟಳು. "ಬೆವರಿಗೆ ಒಳ್ಳೇದು."

"ಸವರಿ, ಆಮೇಲೆ ಒಲೆ ಮೇಲೆ ನೇತಾಕ್ಬೇಕು" ಅಂದೆ.

ಹುಡುಗಿ ಹಿಂದಕ್ಕೆ ಸರಿದಳು. "ಅಂಕಲ್, ನೀವು ಆಂಟೀನ ಕರ್ಕೊಂಡು ಬನ್ನಿ. ಇದೆಲ್ಲ ಅವ್ರಿಗೆ ಗೊತ್ತಿರುತ್ತೆ."

ಪಾಪ, ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಟಾಲ್ಕಂ ಪೌಡರನ್ನೇ ಕೊಂಡುಕೊಂಡು ಬಂದೆ.

ಚನ್ನರಾಯಪಟ್ಟಣ

ಇಲ್ಲಿ ಹುಷಾರಾಗಿದ್ದೆ. ಗ್ರಂಥಿಗೆ ಅಂಗಡಿ ಮುಂದೆ ನಿಂತು, "ಹೊಗೆ ಹಾಕುವ ಪುಡಿ ಕೊಡಿ" ಅಂತ ಮೇಷ್ಟರ ಹಾಗೆ ಉಚ್ಚರಿಸಿದೆ. ಯಜಮಾನರು ಅಚ್ಚ ಸಸ್ಯಾಹಾರಿ. ಸಾಂಬ್ರಾಣಿ ತೂಗುತ್ತಾ, "ಮೊಮ್ಮಗೂಗಾ?" ಅಂದರು.

"ಅಲ್ಲ ಸಾ, ನಮ್ಮನೆಯವ್ಳಿಗೆ."

"ಬಾಣಂತಿನಾ?" ಅಂತ ನನ್ನ ನರೆತ ತಲೆಯನ್ನೇ ನೋಡಿದರು.

"ತೀರ್ಕಂಡವ್ಳೆ ಸಾ. ಎಡೆ ಬಾಡಿಗೆ ಸವರಕ್ಕೆ ಪುಡಿ ಬೇಕು."

ಅವರ ಕೈ ನಿಂತುಹೋಯಿತು. "ಅಯ್ಯೋ, ತಿಳೀದೆ ಅಂದ್ಬಿಟ್ಟೆ" ಅಂದರು. ಎದ್ದು ಗಲ್ಲಾದ ಮೇಲಿನ ದೇವರ ಪಟಕ್ಕೆ ಕ್ಯಾಲೆಂಡರ್ ಅಡ್ಡ ಎಳೆದು, ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಕುರಿನಾ, ಹಂದಿನಾ?"

"ಹಂದಿ" ಅಂತ ನಾನೂ ಪಿಸುಗುಟ್ಟಿದೆ.

"ಎರಡಕ್ಕೂ ಇಲ್ಲ" ಅಂದರು. "ಸುಮ್ನೆ ಕೇಳ್ದೆ."

ಹೊಳೆನರಸೀಪುರ

ಹೊಸ ಅಂಗಡಿಯೊಂದರಲ್ಲಿ ಹಂದಿ ಚಿತ್ರದ ಡಬ್ಬಿಯೇ ಸಿಕ್ಕಿತು. ಮಿಕ್ಕಿದ್ದೆಲ್ಲ ಇಂಗ್ಲಿಷು. ಮನೆಗೆ ತಂದೆ. ಮಗಳು ಓದಿ, "ಹೊಗೆ ಹಾಕೋ ಹಂದಿಗೇ ಮಾಡಿರೋದಂತೆ ಅಪ್ಪ" ಅಂದಾಗ ಪುಡಿ ಹುಡುಕುವ ಕೆಲಸ ಮುಗಿಯಿತು ಅಂದುಕೊಂಡೆ. ರುಚಿ ನೋಡಲು ಅರ್ಧ ಕೆಜಿ ಬಾಡು ತಂದು, ಸವರಿ, ಒಲೆ ಹಚ್ಚಿದೆ. ಅವಳು ಹೋದ ಮೇಲೆ ಆ ತಂತಿಗೆ ಬಾಡು ಏರಿದ್ದು ಅದೇ ಮೊದಲು. ಮನೆಯೆಲ್ಲ ಹೊಗೆ ಹರಡುತ್ತಿದ್ದಂತೆ ಮಗಳು ಎದ್ದು ಹೊರಗೆ ಹೋದಳು. ಕಣ್ಣುರಿ ಅಂದಳು. ನನಗೂ ಕಣ್ಣುರಿಯೇ.

ಮಾರನೆಯ ದಿನ ಆ ಬಾಡನ್ನು ಊಟದ ಡಬ್ಬಿಗೆ ಹಾಕಿಕೊಂಡು ಹೋಗಿ ನಮ್ಮ ಡ್ರೈವರ್‌ಗೆ ಕೊಟ್ಟೆ. ಏನೆಂದು ಹೇಳಲಿಲ್ಲ. ಅವನು ಕಣ್ಣು ಮುಚ್ಚಿ ಅಗಿದ. ಆ ಪುಡಿಯಲ್ಲಿ ಖಾರಕ್ಕಿಂತ ಸಕ್ಕರೆಯೇ ಹೆಚ್ಚಿತ್ತು.

"ಸಕತ್ತಾಗೈತೆ ಕಣಣ್ಣ" ಅಂದ. "ಯಾವ ಬೇಕರೀದು?"

ಅರಕಲಗೂಡಿನ ಪ್ಯಾಕೆಟ್ಟು

ಕೊನೆಗೆ ಭಾಮೈದನೇ ಅರಕಲಗೂಡಿನ ಹಂದಿ ಅಂಗಡಿಯಿಂದ ಒಂದು ಪ್ಯಾಕೆಟ್ ತಂದುಕೊಟ್ಟ. "ನಮ್ ಊರಿಂದು ಭಾವ. ಅಕ್ಕ ಒಪ್ಕಂಡೇ ಒಪ್ಕತ್ತಾಳೆ." ಅದನ್ನೇ ಸವರಿದೆವು. ಎಡೆ ದಿನ ಅವಳ ಫೋಟೋ ಮುಂದೆ ಬಾಳೆಲೆ ಹಾಸಿ ಕೋಳಿ, ಮೊಟ್ಟೆ, ವಡೆ ಬಡಿಸಿ, ನಡುವೆ ಹೊಗೆ ಬಾಡು ಇಟ್ಟು, ಬಾಗಿಲು ಮುಚ್ಚಿ ಹೊರಗೆ ನಿಂತೆವು. ಹೋದವರು ಬಂದು ಉಣ್ಣುವಷ್ಟು ಹೊತ್ತು ಹಾಗೆ ನಿಲ್ಲುವುದು ರೂಢಿ. ಈ ಪುಡಿಯಾದರೂ ಅವಳಿಗೆ ಹಿಡಿಸಲಪ್ಪಾ ಅಂತ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಒಳಗಿರುವವಳಿಗೆ ತಿಳಿಯಲೆಂದು ಕೆಮ್ಮಿ ಬಾಗಿಲು ತೆಗೆದರೆ ಪಕ್ಕದ ಮನೆ ಬೆಕ್ಕು ಕಿಟಕಿಯಿಂದ ಹಾರಿತು. ಎಲೆಯಲ್ಲಿ ಕೋಳಿ ಇಲ್ಲ, ಮೊಟ್ಟೆ ಇಲ್ಲ, ವಡೆಯೂ ಅರ್ಧ ಖಾಲಿ. ಹಂದಿ ಬಾಡು ಮಾತ್ರ ಒಂದು ಚೂರೂ ಮುಕ್ಕಾಗದೆ ಎಲೆಯ ಅಂಚಿಗೆ ಸರಿದು ಬಿದ್ದಿತ್ತು.

"ಎಡೆ ಕೆಡಿಸ್ಬುಡ್ತಲ್ಲ ಮುಂಡೇದು!" ಅಂತ ಭಾಮೈದ ಕೋಲು ಹುಡುಕಿದ.

ಮಗಳು ಅವನ ಕೈ ಹಿಡಿದಳು. "ಓಡಿಸ್ಬ್ಯಾಡ ಮಾವ. ಅಮ್ಮನೇ ಬಂದಿದ್ದು. ಅಂಗಡಿ ಪುಡಿ ಅಂತ ಗೊತ್ತಾಗ್ಬುಟ್ಟೈತೆ, ನೋಡು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಹೋದಾಗಿನಿಂದ ನಾನು ಏನು ಬೇಯಿಸಿದರೂ ಜನ ಕನಿಕರಕ್ಕೆ ಚೆನ್ನಾಗಿದೆ ಅಂತಲೇ ತಿಂದಿದ್ದರು. ಚೆನ್ನಾಗಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವವಳು ಅವಳೊಬ್ಬಳೇ. ನಗುತ್ತಾ ನಗುತ್ತಾ ಅಳು ಬಂದುಬಿಟ್ಟಿತು. ಎಲೆಯ ಮುಂದೆ ಕುಕ್ಕರಿಸಿ, ಫೋಟೋ ನೋಡಿಕೊಂಡು ಅಂದೆ:

"ಆಯ್ತು ಬುಡೇ, ಮುಖ ಸಿಂಡರಿಸ್ಬ್ಯಾಡ. ಮುಂದಿನ್ ವರ್ಸ ಬ್ಯಾರೆ ತತ್ತೀನಿ. ನೀನು ಬಾ, ಅಷ್ಟೇ."