ಅಂಜುಬುರುಕ ಮಾಸ್ತರನ ಹಡಗುಗಳು

ಅಂಜುವವನ ಮನೆಯನ್ನು ಅಂಜಿಕೆ ತಾನೇ ದಾರಿ ಕೇಳಿಕೊಂಡು ಹುಡುಕಿ ಬರುತ್ತದೆ ಎಂಬುದು ನನ್ನ ಅನುಭವ. ನಾನು ಇಂಡಿಗೆ ಹೋದರೆ ಇಂಡಿಗೆ ಬಂತು, ಸಿಂದಗಿಗೆ ಹೋದರೆ ಸಿಂದಗಿಗೆ ಬಂತು. ಒಂದು ಸಲ ಬಸ್ಸಿನಲ್ಲಿ ನನ್ನ ಜೊತೆಗೇ ಕುಳಿತು ಬಂತು.

ನಾನು ಬಸವನ ಬಾಗೇವಾಡಿಯವನು, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಡ್ರಾಯಿಂಗ್ ಪರೀಕ್ಷೆಗೆಂದು ಮುಂಬಯಿಗೆ ಹೋದಾಗ ಸೋದರಮಾವನ ಮನೆಯಲ್ಲಿ ಉಳಿದಿದ್ದೆ. ಅವನು ಬಂದರಿನಲ್ಲಿ ಬಡಿಗ. ಬಿಡುವು ಸಿಕ್ಕಾಗ ಸಾಗವಾನಿ ಚೂರುಗಳಿಂದ ಮೊಳದುದ್ದದ ಹಡಗು ಮಾಡುತ್ತಿದ್ದ. ಹಾಯಿ, ಹಗ್ಗ, ಲಂಗರು ಎಲ್ಲ ಇರುತ್ತಿದ್ದವು. ಆ ಹುಚ್ಚು ನನಗೂ ಹತ್ತಿತು. ಸಮುದ್ರ ಮಾತ್ರ ಹತ್ತಲಿಲ್ಲ. ಮಾವ ಒಮ್ಮೆ ದಂಡೆಗೆ ಕರೆದೊಯ್ದಾಗ ಮೊದಲ ತೆರೆ ಬರುವುದರೊಳಗೆ ನಾನು ರಸ್ತೆಯ ಮೇಲಿದ್ದೆ. ನೀರಿಲ್ಲದ ನಮ್ಮ ಸೀಮೆಯಲ್ಲಿ ಕುಳಿತು ಹಡಗು ಮಾಡಿದರೆ ಯಾವ ಅಪಾಯವೂ ಇಲ್ಲ ಎಂದುಕೊಂಡು ಊರಿಗೆ ಬಂದೆ.

ಅತ್ತೆ ಬಂದರು

ಇಂಡಿಯಲ್ಲಿ ಹೊಸದಾಗಿ ಸಂಸಾರ ಹೂಡಿದ್ದೆವು. ಹಡಗು ಮಾಡುವಾಗ ಮೊದಲು ಉದ್ದಕ್ಕೆ ಒಂದು ಬೆನ್ನುಮೂಳೆಯಂಥ ಕಟ್ಟಿಗೆ, ಅದಕ್ಕೆ ಎರಡೂ ಕಡೆ ಪಕ್ಕೆಲುಬಿನಂತೆ ಬಾಗಿದ ಪಟ್ಟಿಗಳನ್ನು ಕೂಡಿಸಬೇಕು. ಹೊಸ ಹುಮ್ಮಸ್ಸಿನಲ್ಲಿ ಎರಡು ಮೊಳದ ಹಡಗಿಗೆ ಅಷ್ಟು ಮಾಡಿ, ಪಟ್ಟಿ ಒಣಗಿ ಸೀಳದಿರಲೆಂದು ಒದ್ದೆ ಧೋತರ ಹೊದಿಸಿ, ಪಡಸಾಲೆಯ ಮೂಲೆಯಲ್ಲಿಟ್ಟು ಶಾಲೆಗೆ ಹೋಗಿದ್ದೆ.

ಸಂಜೆ ಬಂದರೆ ಹೆಂಡತಿಯ ತಾಯಿ, ನಮ್ಮ ಅತ್ತೆ, ಕೈಚೀಲ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಹೆಂಡತಿ ನೀರಿಗೆ ಹೋಗಿದ್ದಳು.

"ಒಳಗ ನಡೀರಿ ಅತ್ತಿ, ಹೊರಗ ಯಾಕ ಕುಂತೀರಿ?"

"ಒಳಗ ಹೋಗೇ ಬಂದೇನ್ರಿ. ಮೂಲ್ಯಾಗ ಮಲಗಿದವ್ರು ಯಾರು?"

"ಯಾರೂ ಇಲ್ಲಲ್ರಿ."

"ಅದಾರ. ಬಿಳಿ ಅರಿವಿ ಹೊದ್ದಾರ. ನಾ ಅರಿವಿ ಎತ್ತಿ ನೋಡೇನಿ. ಬರೇ ಎಲಬು ಉಳದಾವ."

ಆಗ ನನಗೆ ಹಡಗಿನ ನೆನಪು ಬರಬೇಕಿತ್ತು. ಬರಲಿಲ್ಲ. ಹಿಂದೆ ಆ ಮನೆಯಲ್ಲಿ ಏನೋ ನಡೆದಿತ್ತೆಂದು ಯಾರೋ ಹೇಳಿದ್ದೇ ನೆನಪಾಯಿತು. ಆದರೂ ಅಳಿಯನಾದವನು ಹೋಗದಿದ್ದರೆ ಹೇಗೆ? ಅತ್ತೆಯನ್ನು ಮುಂದೆ ಬಿಟ್ಟುಕೊಂಡು ಒಳಗೆ ಇಣುಕಿದೆ. ಅಷ್ಟರಲ್ಲಿ ಧೋತರದ ಕೆಳಗೆ ಇಲಿ ಓಡಿತೋ ಏನೋ, ಪಕ್ಕೆಲುಬು ಅಲುಗಿದವು. ಅತ್ತೆಗಿಂತ ಮೊದಲು ನಾನೇ ಬೀದಿಯಲ್ಲಿದ್ದೆ.

ಕೊಡ ಹೊತ್ತು ಬಂದ ಹೆಂಡತಿ ನಮ್ಮಿಬ್ಬರನ್ನೂ ನೋಡಿ, ಒಳಗೆ ಹೋಗಿ, ಹಡಗನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಳು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮಗಳಿಗೆ ಹೇಳಿದರು: "ಮಾಟ ಮಾಡಾವ ಅಂತ ತಿಳದಿದ್ದೆ. ತಾ ಮಾಡಿದ್ದಕ್ಕ ತಾನ ಅಂಜತಾನಂದ್ರ, ಬಿಡು, ಇವನ ಕಡೆಯಿಂದ ಅದೂ ಆಗೂದಲ್ಲ."

ಹಡಗು ಕುಡಿದದ್ದು

ಮುಂದೆ ಸಿಂದಗಿಗೆ ವರ್ಗವಾಯಿತು. ಆಗ ನಮ್ಮ ಕಡೆ ದಾರೂಬಂದಿ ಬಿಗಿಯಾಗಿತ್ತು. ಕುಡಿದವನನ್ನೂ ಹಿಡಿಯುತ್ತಿದ್ದರು, ಇಟ್ಟುಕೊಂಡವನನ್ನೂ ಹಿಡಿಯುತ್ತಿದ್ದರು. ಹಡಗಿಗೆ ಕೊನೆಯ ಹೊಳಪು ಬರಬೇಕಾದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಅರಿವೆಯಿಂದ ಮತ್ತೆ ಮತ್ತೆ ಕಟ್ಟಿಗೆಗೆ ತಿಕ್ಕಬೇಕು. ವಾಸನೆ ನಾಲ್ಕು ಮನೆ ದಾಟಿ ಹೋಗುತ್ತಿತ್ತು.

ಒಂದು ಭಾನುವಾರ ತಿಕ್ಕುತ್ತ ಕುಳಿತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಫೌಜದಾರರು, ಹಿಂದೆ ಒಬ್ಬ ಪೊಲೀಸಪ್ಪ.

"ಮಾಸ್ತರ, ಬಾಟಲ್ಯಾಗ ಏನೈತಿ?"

"ಪಾಲೀಶ್ರಿ, ಸಾಹೇಬ್ರ."

"ಯಾರಿಗಿ?"

"ಹಡಗಿಗ್ರಿ."

ಫೌಜದಾರರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತರು. "ಹೊಟ್ಟಿನೋವಿಗಿ ಅಂದವ್ರನ್ನ ಕಂಡೇನಿ. ಕುದರಿ ಕಾಲಿಗಿ ಅಂದವ್ರನ್ನ ಕಂಡೇನಿ. ಹಡಗಿಗಿ ಅಂದವ್ರು ನೀವ ಮೊದಲನೇದವ್ರು. ಎದ್ದು ನಿಂದರ್ರಿ."

ಎದ್ದೆ. ಮೊಣಕಾಲು ಒಂದಕ್ಕೊಂದು ಬಡಿಯುತ್ತಿದ್ದವು.

"ಕಾಲ ನಡಗಾಕತ್ತಾವ."

"ಅಂ... ಅಂಜಿಕಿಗ್ರಿ."

"ನಾಲಿಗಿ ತೊದಲಾಕತ್ತೈತಿ."

"ಅದೂ ಅಂಜಿಕಿಗ್ರಿ."

"ಕಣ್ಣು ಕೆಂಪಾಗ್ಯಾವ."

ಅದು ವಾಸನೆಗೆ ಎನ್ನಬೇಕೆನ್ನುವಷ್ಟರಲ್ಲಿ, ನೌಕರಿ ಹೋಯಿತು, ಮಾನ ಹೋಯಿತು, ಹೆಂಡತಿ ತವರಿಗೆ ಹೋದಳು ಎಂದು ಒಂದೇ ಕ್ಷಣದಲ್ಲಿ ಎಲ್ಲವೂ ಕಣ್ಣ ಮುಂದೆ ನಡೆದುಹೋಯಿತು. "ಮಾರಿ ಮ್ಯಾಲ ಊದ್ರಿ" ಎಂದು ಫೌಜದಾರರು ಮುಖ ಮುಂದೆ ತಂದರು. ಮಧ್ಯಾಹ್ನ ರೊಟ್ಟಿಯ ಜೊತೆ ಬಳ್ಳೊಳ್ಳಿ ಚಟ್ನಿ ಗಟ್ಟಿಯಾಗಿ ಹೊಡೆದಿದ್ದೆ. ಊದಿದೆ. ಅವರು ಕುರ್ಚಿಸಮೇತ ಹಿಂದೆ ಸರಿದರು.

"ಇದು ದಾರೂ ಅಲ್ಲ" ಎಂದು ಮೂಗು ಒರೆಸಿಕೊಂಡು ಒಪ್ಪಿದರು. ಆಮೇಲೆ ನನ್ನಿಂದ ಹಡಗಿಗೆ ಒಂದು ಕೈ ಹಚ್ಚಿಸಿ ನೋಡಿದರು. ಸಾಗವಾನಿ ಜೇನಿನಂತೆ ಹೊಳೆಯಿತು. ಬಾಟಲಿಯನ್ನೊಮ್ಮೆ ನೋಡಿ, ಟೊಪ್ಪಿಗೆ ಹಾಕಿಕೊಂಡು ಹೋದರು. ಅಂದು ರಾತ್ರಿ ನಾನು ಊಟ ಮಾಡಲಿಲ್ಲ.

ಮರುದಿನ ಪೊಲೀಸಪ್ಪ ಮತ್ತೆ ಬಂದ. ನಾನು ಬಾಟಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟೆ. ಅವನ ತಲೆಯ ಮೇಲೆ ಫೌಜದಾರರ ಮನೆಯ ಆರಾಮ ಕುರ್ಚಿ ಇತ್ತು. ಇಳಿಸಿ ಹೇಳಿದ: "ಸಾಹೇಬ್ರು ಹೇಳ್ಯಾರ್ರಿ, ಹಡಗು ಕುಡದು ಉಳದಿದ್ರ ಇದಕ್ಕೂ ಒಂದೀಟು ಕುಡಸಬೇಕಂತ."

ಡೋಣಿ ಹೊಳೆಯ ದಂಡೆ

ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ವರ್ಗವಾದಾಗ ಸಾಮಾನನ್ನೆಲ್ಲ ಚಕ್ಕಡಿಯಲ್ಲಿ ಕಳಿಸಿ, ಹಡಗನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಮೇಲುಗಡೆ ಮಳೆಯಾಗಿತ್ತು. ತಾಳಿಕೋಟಿಯ ಈಚೆಗೆ ಬಸ್ಸು ನಿಂತಿತು. ಡೋಣಿ ಕೆಂಪಗೆ ರಸ್ತೆಯ ಮೇಲೆ ಹರಿಯುತ್ತಿತ್ತು.

ಡ್ರೈವರ್ ಇಳಿದು ನೋಡಿ ಬಂದು, "ಮೊಣಕಾಲುದ್ದ ಐತಿ, ಹೊಡಿತೇನಿ" ಎಂದ. ಜನ ಹೂಂ ಎಂದರು. ನಾನು ಕಣ್ಣು ಮುಚ್ಚಿ ಹಡಗನ್ನು ಅವಚಿಕೊಂಡೆ. ಆಗ ಮುಂದಿನ ಸೀಟಿನ ಯಂಕಂಚಿಯ ಮುದುಕ ತಿರುಗಿ ನೋಡಿದ.

"ಏನ್ರಿ ಇದು?"

"ಹಡಗ್ರಿ."

"ನೀರು ಬರ್ತೈತಂತ ಮೊದಲ ಗೊತ್ತಿತ್ತೇನು ನಿಮಗ?"

"ಇಲ್ರಿ ಯಜಮಾನ್ರ, ಇದು ಸುಮ್ನ ಮಾಡಿದ್ದು."

"ಸುಮ್ನ ಯಾರರ ಹಡಗ ಮಾಡತಾರ?" ಎಂದವನೇ ಗಂಟು ಎತ್ತಿಕೊಂಡು ಇಳಿದ. ಅವನ ಹಿಂದೆ ಅವನ ಮನೆಯವರು, ಅವರ ಹಿಂದೆ ಕನ್ನೊಳ್ಳಿಯ ನೆಂಟರು, ನೋಡನೋಡುತ್ತ ಇಡೀ ಬಸ್ಸು ಖಾಲಿಯಾಯಿತು. ಜನರಿಗೆ ನಾನು ಪಂಚಾಂಗ ನೋಡಿ ಬಂದವನಂತೆ ಕಂಡಿರಬೇಕು. ಅವರು ಅಂಜಿದ್ದನ್ನು ನೋಡಿ ನನಗೆ ಇನ್ನೂ ಅಂಜಿಕೆಯಾಗಿ ನಾನೂ ಇಳಿದೆ.

ನೀರು ಇಳಿಯುವ ತನಕ ದಂಡೆಯಲ್ಲಿ ಕುಳಿತೆವು. ಡ್ರೈವರ್ ಬೀಡಿ ಹಚ್ಚಿಕೊಂಡು ನನ್ನ ಹತ್ತಿರ ಬಂದ. "ಮಾಸ್ತರ, ನಾ ಇಂಥಾ ಹೊಳಿ ಭಾಳ ದಾಟೇನಿ. ಆದ್ರ ಬೆನ್ನ ಹಿಂದ ಒಬ್ಬಾಂವ ಹಡಗ ಹಿಡಕೊಂಡು ಕುಂತ್ರ ಗೇರ ಬೀಳಂಗಿಲ್ಲ ನೋಡ್ರಿ."

ದಾದಿಯ ಪ್ರಯಾಣ

ಮುದ್ದೇಬಿಹಾಳದಲ್ಲಿ ನಮ್ಮ ಮನೆಯ ಮಾಲೀಕರು ಅರಿವೆ ವ್ಯಾಪಾರಿ. ಅವರ ತಾಯಿಗೆ ಓಣಿಯವರೆಲ್ಲ ದಾದಿ, ಅಂದರೆ ಅಜ್ಜಿ, ಎನ್ನುತ್ತಿದ್ದರು. ಆಕೆಯ ಗಂಡ ಹಜ್‌ಗೆ ಹೋಗಬೇಕೆಂದು ಹಂಬಲಿಸಿ ಹೋಗದೆಯೇ ತೀರಿಕೊಂಡಿದ್ದರು. ಈಗ ಯಾತ್ರಿಕರ ಪಟ್ಟಿಯಲ್ಲಿ ದಾದಿಯ ಹೆಸರು ಬಂದಿತ್ತು. ಮುಂಬಯಿಯಿಂದ ಹಡಗಿನಲ್ಲಿ ಹೋಗಬೇಕು. ಗಂಟು ಕಟ್ಟಿದ್ದಾಯಿತು, ಬೀಳ್ಕೊಡಲು ನೆಂಟರೂ ಬಂದರು. ಹೊರಡುವ ಹೊತ್ತಿಗೆ ದಾದಿ ಕುಳಿತುಬಿಟ್ಟಳು.

"ನಾ ಒಲ್ಲೆ. ಕಬ್ಬಿಣದ ಮನಿ ನೀರಿನ ಮ್ಯಾಲ ಹೆಂಗ ನಿಲ್ಲತೈತಿ? ಬಾವ್ಯಾಗ ಬಿಂದಗಿ ಬಿದ್ರ ಮುಳಗತೈತಿ."

ಮಗ ಕೈಮುಗಿದ, ಮೊಮ್ಮಕ್ಕಳು ಅತ್ತರು. ಆಕೆ ಏಳಲಿಲ್ಲ. ಮಾಲೀಕರು ನನ್ನಲ್ಲಿಗೆ ಓಡಿ ಬಂದರು. "ಮಾಸ್ತರ, ನಿಮ್ಮ ಹಡಗ ಒಮ್ಮಿ ತೇಲಿಸಿ ತೋರಸ್ರಿ. ಅಪ್ಪಗ ಆಗಲಿಲ್ಲ, ಅವ್ವಗರ ಆಗಲಿ."

ನನ್ನ ಹಡಗುಗಳು ಗೋಡೆಯ ಗೂಡಿನಲ್ಲಿ ಇಡಲೆಂದು ಮಾಡಿದವು. ಒಂದೂ ಈ ತನಕ ನೀರು ಕಂಡಿರಲಿಲ್ಲ. ಹಾಗೆಂದು ಹೇಳುವ ಧೈರ್ಯ ಬರಲಿಲ್ಲ.

ಮದುವೆಯ ಅಡುಗೆಗೆ ಬಳಸುವ ದೊಡ್ಡ ಕೊಪ್ಪರಿಗೆಗೆ ನೀರು ತುಂಬಿ ಅಂಗಳದಲ್ಲಿಟ್ಟರು. ದಾದಿಯನ್ನು ಮುಂದೆ ಕೂಡಿಸಿದರು. ನಾನು ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದು ಹಡಗನ್ನು ನೀರಿಗಿಟ್ಟು ಕೈ ಬಿಟ್ಟೆ.

ನಿಂತಿತು. ರಾಜನಂತೆ ನಿಂತಿತು. ದಾದಿಯ ಮುಖ ಅರಳಿತು. ಮಾಲೀಕರು ನನ್ನ ಭುಜ ಒತ್ತಿದರು.

ಆಗ ಮೆಲ್ಲಗೆ ಒಂದು ಕಡೆ ವಾಲಿತು. ಹಾಯಿಕಂಬ ಎತ್ತರ, ಹೊಟ್ಟೆಯಲ್ಲಿ ಭಾರವಿಲ್ಲ. ಇನ್ನೂ ವಾಲಿತು. ಕೊನೆಗೆ ಅಂಗಾತ ಮಗುಚಿ, ಎರಡು ಗುಳ್ಳೆ ಬಿಟ್ಟು, ಮೇಲಿನ ಸೀಸದ ಲಂಗರುಗಳ ಭಾರಕ್ಕೆ ತಳ ಸೇರಿತು.

ಮಾಲೀಕರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಒಂದು ಮುದಿಜೀವದ ಜನ್ಮದ ಆಸೆಯನ್ನು ಕೊಪ್ಪರಿಗೆಯಲ್ಲಿ ಮುಳುಗಿಸಿದೆನಲ್ಲ ಎಂದುಕೊಂಡೆ.

ದಾದಿ ಬಗ್ಗಿ ಕೊಪ್ಪರಿಗೆಯ ತಳ ನೋಡಿದಳು.

"ಮಾಸ್ತರ, ನಾ ಹೋಗೂ ಹಡಗ ಯಾರು ಮಾಡ್ಯಾರ?"

"ಯಾರೋ ದೊಡ್ಡ ಇಂಜಿನಿಯರ್ ಇರಬೇಕ್ರಿ, ದಾದಿ."

"ನೀವಲ್ಲಲ್ಲ?"

"ನಾ ಅಲ್ರಿ."

ದಾದಿ ಮೊಣಕಾಲ ಮೇಲೆ ಕೈಯೂರಿ ಎದ್ದು, ಸೆರಗು ಸರಿಮಾಡಿಕೊಂಡು ಮಗನಿಗೆ ಹೇಳಿದಳು: "ಹಂಗಾರ ಗಂಟು ಎತ್ತು. ಇನ್ನ ಯಾತರ ಅಂಜಿಕಿ?"