ಗಾಳಕ್ಕೊಂದು ರಾಗಿಮುದ್ದೆ

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಮೊಟ್ಟೆ ಹಾಕಿದ ಕೇಕನ್ನು ಕೂಡ ಮೂಸಿ ನೋಡಿ ಪಕ್ಕಕ್ಕಿಡುವ ಸಂಸಾರ ನಮ್ಮದು. ಆದರೂ ಈ ಪರ್ತ್ ಊರಿನ ಮೀನುಗಳಿಗೆ ನಮ್ಮಷ್ಟು ಉಪಚಾರ ಮಾಡಿದವರು ಇನ್ನೊಬ್ಬರಿರಲಾರರು! ಕ್ಯಾನಿಂಗ್ ನದಿಯ ಬ್ರೀಮ್ ಮೀನುಗಳು ನನ್ನ ಕೈಯ ರಾಗಿಮುದ್ದೆ ತಿಂದು ಬೆಳೆದವು. ಬಡಿಸಿದವರು ಇವರು.

ಇವರು ಎಂದರೆ ಯಾರೆಂದು ಹೇಳಬೇಕಾಗಿಲ್ಲವಲ್ಲ? ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನನ್ನು ಹೆಸರು ಹಿಡಿದು ಕರೆಯುವುದು ನನ್ನಿಂದಾಗಿಲ್ಲ. ಕಾನ್ವೆಂಟಿನಲ್ಲಿ ಓದಿದವಳಿಗೆ ಅಷ್ಟೂ ಆಗುವುದಿಲ್ಲವೇ ಎಂದು ಗೆಳತಿಯರು ಕೇಳುತ್ತಾರೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ತಗ್ಗಿದ ದನಿಯಲ್ಲಿ ಮಾತಾಡುವುದನ್ನು. ಈ ಮನುಷ್ಯನ ಜೊತೆ ಬಾಳಲು ಬೇಕಾಗಿದ್ದ ವಿದ್ಯೆ ಅದಲ್ಲ!

ಇವರು ಭೂವಿಜ್ಞಾನಿ. ದೂರದ ಉತ್ತರದಲ್ಲೊಂದು ಗಣಿಯಲ್ಲಿ ಕೆಲಸ. ಎರಡು ವಾರ ಗಣಿ, ಒಂದು ವಾರ ಮನೆ. ವಿಮಾನದಲ್ಲಿ ಹೋಗಿ ವಿಮಾನದಲ್ಲಿ ಬರುವ ನೌಕರಿ. ಕ್ಯಾನಿಂಗ್ ವೇಲ್‌ನ ಮನೆಯಲ್ಲಿ ಫ್ರಿಜ್ಜಿಗೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ನಾನು ಕಾಯುತ್ತಿದ್ದುದು ಆ ಏಳು ದಿನಕ್ಕೆ. ನನ್ನ ಬೇಡಿಕೆ ದೊಡ್ಡದಾಗಿರಲಿಲ್ಲ. ಏಳರಲ್ಲಿ ಒಂದು ದಿನ, ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ, ಪೂರ್ತಿ ನನ್ನದಾಗಿರಬೇಕು. ಅಷ್ಟೇ! ಆದರೆ ಏಳಕ್ಕೆ ಏಳೂ ದಿನ ನದಿಯ ಪಾಲು. "ಆರ್ವೋ ಒಳಗೆ ಬಂದ್ಬಿಡ್ತೀನಿ ಕಣೆ" ಎಂದು ಇಲ್ಲಿಯವರ ಭಾಷೆಯಲ್ಲಿ ಮಧ್ಯಾಹ್ನದ ಗಡುವು ಹೇಳಿ ಹೋದವರು ಬರುವಾಗ ಬೀದಿ ದೀಪ ಹೊತ್ತಿರುತ್ತಿತ್ತು. ಸವತಿಗೆ ಕೈಕಾಲು ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಬಾಲ, ರೆಕ್ಕೆ ಇರುವವಳ ಜೊತೆ ಏನೆಂದು ಜಗಳವಾಡಲಿ?

ಇದಕ್ಕೆಲ್ಲ ಮೂಲ ಪಕ್ಕದ ಮನೆಯಲ್ಲಿದ್ದ ಇಂಗ್ಲೆಂಡಿನ ಅಜ್ಜ. ಮಗಳ ಊರಿಗೆ ಹೊರಟಾಗ ತಮ್ಮ ಎರಡು ಗಾಳದ ಕೋಲುಗಳನ್ನೂ ಒಂದು ಮರದ ಪೆಟ್ಟಿಗೆಯನ್ನೂ ಇವರ ಕೈಗಿಟ್ಟು, ಜೊತೆಗೆ ತಮ್ಮ ದೇಶದ ಪದ್ಧತಿಯನ್ನೂ ಉಪದೇಶ ಮಾಡಿ ಹೋದರು. ನೂಲಿಗೆ ಒಂದು ಬೆಂಡು ಕಟ್ಟಿ ನೀರಿನ ಮೇಲೆ ತೇಲಿಬಿಡಬೇಕು. ಮೀನು ಕಚ್ಚಿದರೆ ಬೆಂಡು ಮುಳುಗುತ್ತದೆ. ಅಲ್ಲಿಯವರೆಗೆ ಅದನ್ನೇ ನೋಡುತ್ತ ಕೂತಿರಬೇಕು. ಸಿಕ್ಕ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಕಣ್ತುಂಬ ನೋಡಿ, ಮತ್ತೆ ನದಿಗೇ ಬಿಡಬೇಕು. ಇವರಿಗೆ ಇನ್ನೇನು ಬೇಕು? ಮಡಿಯೂ ಉಳಿಯಿತು, ಮೀನೂ ಸಿಕ್ಕಿತು! ಬಿಡಿಸುವಾಗ ಮೀನಿಗೆ ನೋಯಬಾರದೆಂದು ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದರು. ಬಿಡುವ ಮುಂಚೆ ಅದಕ್ಕೆ "ಸಾರಿ ಕಣಮ್ಮ" ಎನ್ನುತ್ತಿದ್ದರು. ಗಾಳದ ನೂಲಿಗೆ ತೂಕ ಕಟ್ಟಲೆಂದು ನನ್ನ ಒಗ್ಗರಣೆ ಸೌಟಿನಲ್ಲಿ ಸೀಸ ಕರಗಿಸಲು ಹೋಗಿ ಅದರ ಹಿಡಿ ಸುಟ್ಟುಹಾಕಿದರಲ್ಲ, ಆ ದಿನ ನನಗೆ ಆ ಸಾರಿ ಸಿಗಲಿಲ್ಲ.

ಗಾಳಕ್ಕೆ ಹುಳು ಸಿಕ್ಕಿಸಬೇಕೆಂದು ಅಜ್ಜ ಹೇಳಿದ್ದರು. ಹುಳು ಎಂದರೆ ಇವರು ಮೂರು ಮಾರು ದೂರ. ಆಗ ನೆನಪಾದದ್ದು ಕಾವೇರಿ. ಅಲ್ಲಿ ರಾಗಿ ಉಂಡೆಗೆ ದೊಡ್ಡ ದೊಡ್ಡ ಮೀನು ಬೀಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದರಂತೆ. ಅಲ್ಲಿಗೆ ನನ್ನ ಅಡುಗೆಮನೆಯ ಸ್ವಾತಂತ್ರ್ಯ ಮುಗಿಯಿತು! ಅಂದಿನಿಂದ ಊಟಕ್ಕೆ ಕೂತರೆ ಮೊದಲು ಹೆಬ್ಬೆರಳಿನಿಂದ ಮುದ್ದೆಯನ್ನು ಒತ್ತಿ ನೋಡುವುದು. "ಇದು ನೀರಲ್ಲಿ ಎರಡು ನಿಮಿಷ ನಿಲ್ಲಲ್ಲ" ಅಥವಾ "ಇವತ್ತಿಂದು ಐದು ನಿಮಿಷ ಗ್ಯಾರಂಟಿ." ಜೊತೆಗೆ ಬಡಿಸಿದ ಬಸ್ಸಾರು ಹೇಗಿದೆ ಎಂಬುದರ ಬಗ್ಗೆ ಒಂದು ಮಾತಿಲ್ಲ. ಬ್ರಿಸ್ಬೇನಿನಲ್ಲಿ ಓದುತ್ತಿದ್ದ ಮಗಳಿಗೆ ಫೋನಿನಲ್ಲಿ ದೂರಿದರೆ ಅವಳು ನಕ್ಕು, "ಅಮ್ಮಾ, ಅಟ್‌ಲೀಸ್ಟ್ ಇಟ್ಸ್ ನಾಟ್ ಗಾಲ್ಫ್" ಎಂದಳು.

ಬರೀ ರಾಗಿ ಸಾಲದೆಂದು ಗಾಳದ ಮುದ್ದೆಗೆ ಇವರದೇ ಒಂದು ಪಾಕ ಸಿದ್ಧವಾಯಿತು. ವಾಸನೆಗೆ ಇಂಗು, ಸೋಂಪಿನ ಪುಡಿ. ಕೊಕ್ಕೆಯಿಂದ ಜಾರದಿರಲು ಹಿಂಜಿದ ಹತ್ತಿ. ಹತ್ತಿ ಎಲ್ಲಿಯದು? ದೇವರ ಮುಂದೆ ಹಚ್ಚಲು ನಾನು ಕೂತು ಹೊಸೆದಿಟ್ಟ ಹೂಬತ್ತಿಯದು! ಒಂದು ಭಾನುವಾರ ಮೈಸೂರಿನ ಕಡೆಯ ದಂಪತಿಗಳನ್ನು ಊಟಕ್ಕೆ ಕರೆದಿದ್ದೆ. ಸಾಫ್ಟ್‌ವೇರಿನ ಹುಡುಗ, ಹೊಸದಾಗಿ ಬಂದ ಹೆಂಡತಿ. ಮುದ್ದೆಗಳನ್ನು ಕಟ್ಟಿ ಹಾಟ್‌ಬಾಕ್ಸಿನಲ್ಲಿಟ್ಟಿದ್ದೆ. ಪಕ್ಕದಲ್ಲಿ ಅಂಥದೇ ಇನ್ನೊಂದು ಹಾಟ್‌ಬಾಕ್ಸ್ ಇತ್ತು. ಇವರದು. ಯಾವುದನ್ನು ಬಡಿಸಿದೆ ಎಂದು ನನಗೆ ಗೊತ್ತಾದದ್ದು ಇವರು ಹೆಬ್ಬೆರಳಿಟ್ಟು ಒತ್ತಿ, ಮುಖವರಳಿಸಿ, ಮರುಕ್ಷಣವೇ ಹೆದರಿ ನನ್ನತ್ತ ನೋಡಿದಾಗ. ಅಷ್ಟರಲ್ಲಿ ಆ ಹುಡುಗ ಅರ್ಧ ಮುದ್ದೆ ಮುಗಿಸಿದ್ದ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನಿಯಮ ಮಾಡಿದ ಹಿರಿಯರಿಗೆ ಅಂದು ಮನಸ್ಸಿನಲ್ಲೇ ಕೈಮುಗಿದೆ. ಆದರೂ ಏನೋ ನಾಲಿಗೆಗೆ ಸಿಕ್ಕಿರಬೇಕು. ಸ್ವಲ್ಪ ಯೋಚಿಸಿ, "ಆಂಟಿ, ನಿಮ್ಮ ಮುದ್ದೇಲಿ ಫೈಬರ್ ತುಂಬಾ ಚೆನ್ನಾಗಿದೆ" ಎಂದ. ಅವನ ಹೆಂಡತಿ ಹೋಗುವಾಗ ಮಾಡುವ ಕ್ರಮ ಬರೆಸಿಕೊಂಡಳು. ಹತ್ತಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ.

ಕೃಷ್ಣಾಷ್ಟಮಿಯದು ಇನ್ನೊಂದು ಕಥೆ. ಪುಟ್ಟ ಕೃಷ್ಣನ ಕಿರೀಟಕ್ಕೆಂದು ಕ್ರಾಫ್ಟ್ ಅಂಗಡಿಯಿಂದ ಎರಡು ಉದ್ದನೆಯ ನವಿಲುಗರಿ ತಂದು ಪೇಪರಿನಲ್ಲಿ ಸುತ್ತಿಟ್ಟಿದ್ದೆ. ಹಬ್ಬದ ದಿನ ಬಿಚ್ಚಿದರೆ ಗರಿಯ ಕಣ್ಣು ಮಾತ್ರ ಇದೆ, ದಂಟಿಲ್ಲ! ನವಿಲುಗರಿಯ ದಂಟಿಗಿಂತ ಹಗುರಾದ ಬೆಂಡು ಲೋಕದಲ್ಲೇ ಇಲ್ಲವಂತೆ, ಆ ಅಜ್ಜ ಹೇಳಿದ್ದರಂತೆ. ದಂಟನ್ನು ಹುಡುಕುತ್ತ ಹೋದರೆ ಬಚ್ಚಲಲ್ಲಿ ಇವರು ನೀರು ತುಂಬಿದ ಟಬ್ಬಿನ ಮೇಲೆ ಬಗ್ಗಿಕೊಂಡಿದ್ದರು. ನೂಲಿಗೆ ಸಾಸಿವೆಯಷ್ಟು ಸೀಸದ ಗುಂಡುಗಳನ್ನು ಒಂದೊಂದಾಗಿ ಕಚ್ಚಿಸುತ್ತ, ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣುವಂತೆ ತೂಕ ಹೊಂದಿಸುತ್ತಿದ್ದರು. ಆ ತುದಿ ದೂರಕ್ಕೂ ಕಾಣಲೆಂದು ಕೆಂಪು ಬಣ್ಣ ಬಳಿದಿತ್ತು. ಬಣ್ಣದ ಗುರುತು ನನಗೆ ಚೆನ್ನಾಗಿಯೇ ಸಿಕ್ಕಿತು, ನನ್ನ ಉಗುರಿನದೇ. ಕೃಷ್ಣನಿಗೆ ಏನು ಹೇಳಲಿ ಎಂದು ಕೇಳಿದೆ.

"ಅವನೂ ಯಮುನೆ ದಡದವನೇ ಅಲ್ವೇನೆ, ಅರ್ಥ ಮಾಡ್ಕೋತಾನೆ" ಎಂದರು, ಬೆಂಡಿನಿಂದ ಕಣ್ಣು ತೆಗೆಯದೆ.

ಕೊನೆಗೂ ಒಂದು ಸಲ ನನಗೆ ನನ್ನ ದಿನ ಸಿಕ್ಕಿತು. ಬುಧವಾರ ಪೂರ್ತಿ ನಿನ್ನದು ಎಂದು ಮಾತು ಕೊಟ್ಟರು. ನಾನು ಪುಳಿಯೋಗರೆ ಕಲಸಿ, ಹಳದಿ ಸೀರೆಯುಟ್ಟು ತಯಾರಾದೆ. ಕಾರು ಎಲ್ಲಿ ನಿಂತಿತು ಎಂದು ಹೇಳಬೇಕೇ? ನದಿಯ ದಡದಲ್ಲಿ! ಅಂದು ನೀರಿನ ಏರಿಳಿತ ಅಮೋಘವಾಗಿತ್ತಂತೆ. ಹೋಗಲಿ, ಜೊತೆಗೆ ಕೂತಂತಾದರೂ ಆಯಿತಲ್ಲ ಎಂದು ಪಕ್ಕದಲ್ಲಿ ಕೂತು ಬಾಯಿ ತೆರೆದೆ. ಮಾತಾಡಬೇಡ, ಮೀನಿಗೆ ಕೇಳಿಸತ್ತೆ ಎಂದರು. ಸುಮ್ಮನಾದೆ. ನಿನ್ನ ಸೀರೆ ನೀರಲ್ಲಿ ಹೊಳೀತಿದೆ, ಸ್ವಲ್ಪ ಹಿಂದೆ ಹೋಗು ಎಂದರು. ಹೋದೆ. ನಿನ್ನ ನೆರಳು ಬೀಳ್ತಿದೆ, ಇನ್ನೂ ಹಿಂದೆ ಎಂದರು. ಹೀಗೆ ಹಿಂದೆ ಸರಿದೂ ಸರಿದೂ ಕಾರಿನಲ್ಲಿ ಹೋಗಿ ಕೂತೆ. ನನ್ನ ದಿನವನ್ನು ಗಾಜಿನ ಹಿಂದಿನಿಂದ ನೋಡಿದೆ. ಪುಳಿಯೋಗರೆಯನ್ನು ಒಬ್ಬಳೇ ತಿಂದೆ.

ಆಮೇಲೆ ಗಣಿಗಳ ಸುಗ್ಗಿ ಮುಗಿಯಿತು.

ಸೈಟಿನಿಂದ ಬಂದಾಗಲೆಲ್ಲ ಇವರು ಕೆಂಪು ಮಣ್ಣಿನ ಬೂಟುಗಳನ್ನು ಬಾಗಿಲ ಹೊರಗೇ ಕಳಚಿ ಬಿಡುತ್ತಿದ್ದರು. ಆ ಸಲ ಅವನ್ನು ತೊಳೆದರು, ಒರೆಸಿದರು, ಲೇಸು ಬಿಚ್ಚಿ ಒಣಗಿಸಿದರು, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಬಾಯಿಬಿಟ್ಟು ಹೇಳುವ ಮುಂಚೆಯೇ ನನಗೆ ಗೊತ್ತಾಯಿತು. ತಂಡದಲ್ಲಿ ಅರ್ಧಕ್ಕರ್ಧ ಜನರಿಗೆ ಇನ್ನು ಬರಬೇಡಿ ಎಂದಿದ್ದರು.

ಏಳರಲ್ಲಿ ಒಂದು ದಿನ ಕೇಳಿದ್ದೆ. ಈಗ ಎಲ್ಲ ದಿನವೂ ನನ್ನವಾದವು. ಕ್ಯಾಲೆಂಡರಿನಲ್ಲಿ ಹೊಡೆದುಹಾಕಲು ಏನೂ ಉಳಿಯಲಿಲ್ಲ. ಇವರು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ರೈಲಿನಲ್ಲಿ ಸಿಟಿಗೆ ಹೋಗುತ್ತಿದ್ದರು, ಯಾರನ್ನೋ ಕಂಡು ಬರುತ್ತಿದ್ದರು. ಉಳಿದ ಹೊತ್ತು ನನ್ನೆದುರಿಗೇ ಕೂತು ಬಟ್ಟೆ ಮಡಿಸುತ್ತಿದ್ದರು, ಅಂಚಿಗೆ ಅಂಚು ಸೇರಿಸಿ. ಗಾಳದ ಕೋಲುಗಳು ಗ್ಯಾರೇಜಿನಲ್ಲಿದ್ದವು. ಹೋಗಿ ಬನ್ನಿ ಎಂದರೆ, ಈಗ ಹೋದರೆ ಜನ ಏನಂತಾರೆ ಎನ್ನುತ್ತಿದ್ದರು. ಕೆಲಸ ಇದ್ದಾಗ ಅದು ಹವ್ಯಾಸ, ಇಲ್ಲದಾಗ ಸೋಮಾರಿತನವಂತೆ. ಹೂಬತ್ತಿಗಳು ಎಣಿಸಿದಷ್ಟೂ ಹಾಗೇ ಇದ್ದವು. ನನಗೆ ಸಂತೋಷವಾಗಬೇಕಿತ್ತಲ್ಲವೇ?

ಒಂದು ಮಧ್ಯಾಹ್ನ ಮುದ್ದೆ ಬಡಿಸಿದೆ. ಇವರು ಮುರಿದರು, ಅದ್ದಿದರು, ನುಂಗಿದರು. ಹೆಬ್ಬೆರಳಿನಿಂದ ಒತ್ತಿ ನೋಡಲಿಲ್ಲ. ನಾನು ಸೌಟು ಹಿಡಿದು ನಿಂತೇ ಇದ್ದೆ. ಬೂಟು ತೊಳೆದ ದಿನವೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ರಾಗಿ ಹಿಟ್ಟು ತೊಳಸಿದೆ. ಇಂಗು ಹಾಕಿದೆ, ಸೋಂಪು ಪುಡಿ ಮಾಡಿದೆ, ಹೂಬತ್ತಿಗಳನ್ನು ಹಿಂಜಿ ಸೇರಿಸಿದೆ. ಕೋಲು, ಪೆಟ್ಟಿಗೆ, ಎರಡು ಮಡಚುವ ಕುರ್ಚಿಗಳನ್ನು ಕಾರಿಗೆ ಹಾಕಿ, "ನಡೀರಿ" ಎಂದೆ. ನನ್ನ ತಗ್ಗಿದ ದನಿಯಲ್ಲೇ ಅಂದದ್ದು, ಆದರೆ ಇವರು ಎದ್ದು ಚಪ್ಪಲಿ ಹಾಕಿಕೊಂಡರು.

ನದಿಯ ದಡದಲ್ಲಿ ಡಬ್ಬಿ ತೆರೆದು ಕೊಟ್ಟೆ. ಇವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಹೆಬ್ಬೆರಳು ಮೆಲ್ಲಗೆ ಇಳಿಯಿತು, ಒತ್ತಿತು.

"ಹತ್ತಿ ಸ್ವಲ್ಪ ಕಮ್ಮಿ ಆಯ್ತು" ಎಂದರು.

ನೋಡಿದಿರಾ? ನಾಲ್ಕು ದಿನದ ದೀಪದ ಬತ್ತಿ ಸುರಿದಿದ್ದೇನೆ, ಅದೂ ಸಾಲದು! ನಾನು ಕುರ್ಚಿ ಎತ್ತಿಕೊಂಡು, ಕಲಿಸಿದ ಪಾಠದಂತೆ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗಿ ಮರದ ಕೆಳಗೆ ಕೂತೆ. ಕೃಷ್ಣನ ಗರಿಯ ದಂಟು ಕೆಂಪು ತುದಿ ಎತ್ತಿಕೊಂಡು ನೀರಿನ ಮೇಲೆ ನಿಂತಿತು. ಎಷ್ಟೋ ಹೊತ್ತು ಅದು ಅಲುಗಲಿಲ್ಲ, ಇವರೂ ಅಲುಗಲಿಲ್ಲ.

ಆಮೇಲೆ ಇವರು ತಿರುಗಿ ನೋಡಿದರು. "ಅಷ್ಟು ದೂರ ಯಾಕೆ ಕೂತಿದೀಯ? ಮುಂದೆ ಬಾ."

"ನೆರಳು ಬೀಳತ್ತಲ್ಲ?"

ಇವರು ಪಕ್ಕದಲ್ಲಿದ್ದ ಪೆಟ್ಟಿಗೆಯನ್ನು ಕಾಲಿನಿಂದ ಆಚೆ ಸರಿಸಿ ನನ್ನ ಕುರ್ಚಿಗೆ ಜಾಗ ಮಾಡಿದರು.

"ಬೀಳ್ಲಿ" ಎಂದರು.