ನಮ್ಮ ಮನೆಯ ಗುಪ್ತಚರ ಮತ್ತು ಅವನ ನಿರ್ಮಾಪಕರು

ನಿಮ್ಮ ದೊಡ್ಡಜ್ಜ, ಅಂದರೆ ನಿಮ್ಮ ಅಜ್ಜನ ಅಣ್ಣ, ಇಲ್ಲದೇ ಹೋಗಿದ್ದರೆ ನಮ್ಮ ದೇಶ ಎಂದೋ ಶತ್ರುಗಳ ಪಾಲಾಗುತ್ತಿತ್ತು. ನಗಬೇಡಿ ಮಕ್ಕಳೇ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಶಿರಹಟ್ಟಿಯಲ್ಲೋ ಮುಂಡರಗಿಯಲ್ಲೋ ಲಕ್ಷ್ಮೇಶ್ವರದಲ್ಲೋ ಅವರು ದೇಶವನ್ನು ಉಳಿಸುತ್ತಿದ್ದರು. ಅದಕ್ಕೆ ಟಿಕೀಟೂ ಇರುತ್ತಿತ್ತು, ನೆಲಕ್ಕೆ ಬೇರೆ, ಕುರ್ಚಿಗೆ ಬೇರೆ.

ಅವರಿಗೆ ಬೆಟಗೇರಿಯಲ್ಲಿ ಕೈಮಗ್ಗದ ಸೀರೆಗಳ ಅಂಗಡಿ. ಎಪ್ಪತ್ತರ ದಶಕದಲ್ಲಿ ನಾನು ಆ ಮನೆಗೆ ಕಿರಿಸೊಸೆಯಾಗಿ ಬಂದ ವರ್ಷವೇ ಅವರು ಗದಗಿನ ಟಾಕೀಸಿನಲ್ಲಿ ಒಂದು ಗುಪ್ತಚರನ ಸಿನಿಮಾ ನೋಡಿ ಬಂದರು. ಊಟಕ್ಕೆ ಕುಳಿತವರು ರೊಟ್ಟಿ ಮುರಿಯಲೇ ಇಲ್ಲ.

"ಇಂಥಾ ಪಿಚ್ಚರ್ ನಾನೂ ತಗೀತೀನಿ" ಅಂದರು.

ಅವರ ಹೆಂಡತಿ, ನನಗೆ ಅಕ್ಕ, ಪಲ್ಯ ಬಡಿಸುತ್ತ, "ನಿರ್ಮಾಣ ಮಾಡೂದಿದ್ರ ಮೊದಲ ಹಿತ್ತಲ ಗ್ವಾಡಿ ಮಾಡ್ರಿ. ಬಿದ್ದು ಎಷ್ಟ ಮಳಿಗಾಲ ಆತು" ಎಂದರು.

ಗೋಡೆ ಏಳಲಿಲ್ಲ, ಪಿಚ್ಚರು ಎದ್ದಿತು. ಆದರೆ ಕ್ಯಾಮೆರಾ ಎಲ್ಲಿಂದ ಬರಬೇಕು? ಹಾಗಾಗಿ ಅದು ರಂಗದ ಮೇಲೆ ಆಡುವ ಪಿಚ್ಚರು. ಅದನ್ನು ಯಾರಾದರೂ ನಾಟಕ ಎಂದರೆ ದೊಡ್ಡಜ್ಜ ಒಂದು ವಾರ ಅವರ ಜೊತೆ ಮಾತು ಬಿಡುತ್ತಿದ್ದರು. ಸಿನಿಮಾದಲ್ಲಿ ಮೊದಲು ಹೆಸರು ಬರುತ್ತವಲ್ಲ, ಇಲ್ಲೂ ಬರಬೇಕು. ಪರದೆಯ ಮುಂದೆ ಒಬ್ಬ ನಿಂತು ಓದುತ್ತಿದ್ದ. ಕತೆ ಇಂಥವರು, ನಿರ್ದೇಶನ ಅವರೇ, ನಿರ್ಮಾಣ ಅವರೇ. ಎರಡನೇ ವರ್ಷದ ಹೊತ್ತಿಗೆ ಓದುವವನಿಗಿಂತ ಮೊದಲು ಜನರೇ ಆ ಹೆಸರು ಕೂಗತೊಡಗಿದರು. ನಿರ್ಮಾಪಕರು ಒಳಗೆ ನಿಂತು ಕೈ ಮುಗಿಯುತ್ತಿದ್ದರು, ಯಾರಿಗೂ ಕಾಣದಿದ್ದರೂ.

ಗುಪ್ತಚರ ಯಾರು? ನಿಮ್ಮ ಅಜ್ಜ! ಸಣಕಲು ಮೈ, ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ, ಆದರೆ ದನಿ ಮಾತ್ರ ಆಳೆತ್ತರದ್ದು. ಕಪ್ಪು ಕನ್ನಡಕ, ಕಂಬಳಿಯಿಂದ ಹೊಲಿಸಿದ ಉದ್ದ ಕೋಟು. ಬೇಸಿಗೆಯಲ್ಲಿ ಆ ಕೋಟಿನೊಳಗೆ ಅವರು ಪಟ್ಟ ಪಾಡನ್ನು ಯಾವ ಶತ್ರುವೂ ಕೊಡಲಾರ. ದೊಡ್ಡಜ್ಜನದು ಒಂದೇ ಹಟ. ಪಿಚ್ಚರು ವರ್ಷ ವರ್ಷ ಬರಬೇಕು, ಗುಪ್ತಚರ ಮಾತ್ರ ತಮ್ಮನೇ ಆಗಿರಬೇಕು.

ಶತ್ರುಗಳ ಮುಖ್ಯಸ್ಥ ನಮ್ಮ ಓಣಿಯ ಬಳೆ ಅಂಗಡಿಯ ದಸ್ತಗೀರಸಾಬ. ಬಳೆ ತೊಡಿಸಿ ತೊಡಿಸಿ ಅವರ ಮಾತೆಲ್ಲ ಬೆಣ್ಣೆ. "ನಿನ್ನನ್ನು ಕೊಲ್ಲುತ್ತೇನೆ" ಎನ್ನುವಾಗಲೂ "ಸ್ವಲ್ಪ ನೋವಾಗತದ ನೋಡ್ರಿ" ಎಂದ ಹಾಗೆ ಕೇಳುತ್ತಿತ್ತು.

ಮೊದಲ ಪಿಚ್ಚರು ಶಿರಹಟ್ಟಿಯಲ್ಲಿ. ನಿಮ್ಮ ಅಜ್ಜ ಶತ್ರುಗಳ ಗುಹೆಗೆ ನುಗ್ಗಿ ಚೀಲಗಳ ಹಿಂದೆ ಅಡಗಿದ್ದಾರೆ. ದಸ್ತಗೀರಸಾಬ ಪಿಸ್ತೂಲು ಹಿಡಿದು ಹುಡುಕುತ್ತಿದ್ದಾರೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದೇವೆ. ಆದರೆ ನಮ್ಮ ಕಡೆ ಆಟ ಮೆಚ್ಚಿದವರು ನಡುವೆಯೇ ರಂಗ ಹತ್ತಿ ಉಡುಗೊರೆ ಕೊಟ್ಟು ಆಯೇರಿ ಮಾಡುವ ರೂಢಿ ಇದೆಯಲ್ಲ! ಊರ ಗೌಡರು ಟವೆಲ್ಲು, ತೆಂಗಿನಕಾಯಿ ಹಿಡಿದು ಮೇಲೆ ಬಂದೇಬಿಟ್ಟರು.

"ಗುಪ್ತಚರ ಪಾತ್ರಧಾರಿಗಳು ಅಲ್ಲೇ ಚೀಲದ ಹಿಂದ ಕುಂತಾರ. ಹೊರಗ ಬಂದು ನಮ್ಮ ಆಯೇರಿ ಸ್ವೀಕಾರ ಮಾಡಬೇಕಂತ ಕೇಳ್ಕೋತೀನಿ."

ಗುಪ್ತಚರ ಹೊರಗೆ ಬಂದರು. ಟವೆಲ್ಲು ಹೊದಿಸಿಕೊಂಡರು, ಕಾಯಿ ತೆಗೆದುಕೊಂಡರು, ಸಭೆಗೆ ನಮಸ್ಕಾರ ಮಾಡಿದರು. ಪಕ್ಕದಲ್ಲಿದ್ದ ಶತ್ರುವೂ ಪಿಸ್ತೂಲನ್ನು ಬಗಲಲ್ಲಿಟ್ಟು ಚಪ್ಪಾಳೆ ತಟ್ಟಿದರು. ಗುಪ್ತಚರ ಹೋಗಿ ಮತ್ತೆ ಚೀಲದ ಹಿಂದೆ ಕುಳಿತರು. ಆಗ ದಸ್ತಗೀರಸಾಬ ಸುತ್ತಲೂ ಕಣ್ಣಾಡಿಸಿ ಗಂಭೀರವಾಗಿ ಹೇಳಿದರು: "ಈ ಗುಹೆಯಲ್ಲಿ ಯಾರೂ ಇಲ್ಲ!"

ಲಕ್ಷ್ಮೇಶ್ವರದ ಪಿಚ್ಚರಿನಲ್ಲಿ ಒಬ್ಬ ವಿಷಕನ್ಯೆ ಬಂದಳು. ಅವಳು ಗುಪ್ತಚರನನ್ನು ಮೋಹಿಸಿ ಗುಟ್ಟು ಹೊರಡಿಸಬೇಕು. ಆದರೆ ಹೆಂಗಸರ ಕಡೆ ನಾನು ಕುಳಿತಿರುತ್ತೇನಲ್ಲ. ನನ್ನ ಮರ್ಯಾದೆಗೆಂದು ದೊಡ್ಡಜ್ಜ ಗುಪ್ತಚರನ ಬಾಯಲ್ಲಿ ಮಾತುಮಾತಿಗೆ "ತಂಗೀ" ಎಂದು ಬರೆದಿದ್ದರು. ತಾಲೀಮಿನಲ್ಲಿ ಆ ಪಾತ್ರ ಮಾಡುವ ಹೆಣ್ಣುಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಾವ್ಕಾರ್ರ, ನಾ ವಿಷಕನ್ಯಾ ಅದೀನ್ರಿ. ತಂಗಿ ಅಂತ ಕರದ್ರ ನಾ ಹ್ಯಾಂಗ ಮೋಹ ಮಾಡ್ಲಿ?"

"ತಂಗಿ ಅಂದ ಮ್ಯಾಲೂ ಮೋಹ ಮಾಡಿದ್ರ ಅದು ನಿನ್ನ ತಪ್ಪವಾ" ಎಂದರು ನಿರ್ಮಾಪಕರು.

ಆ ಪಿಚ್ಚರಿನ ಕೊನೆಗೆ ವಿಷಕನ್ಯೆ ಗುಪ್ತಚರನಿಗೆ ರಾಖಿ ಕಟ್ಟಿ ಜೇಲಿಗೆ ಹೋದಳು. ಜನ ಅತ್ತರು. ನಾನೂ ಅತ್ತೆ, ಸಮಾಧಾನಕ್ಕೆ.

ಮುಂಡರಗಿಯದು ಇನ್ನೂ ದೊಡ್ಡದು. ಸಿನಿಮಾದಲ್ಲಿ ದೋಣಿಗಳು ಬೆನ್ನಟ್ಟುತ್ತವೆಂದು ದೊಡ್ಡಜ್ಜ ಹೊಳೆದಂಡೆಯ ಕೊರ್ಲಹಳ್ಳಿಯಿಂದ ಚಕ್ಕಡಿಯ ಮೇಲೆ ನಿಜವಾದ ಹರಿಗೋಲು ತರಿಸಿದರು. ಸಿಕ್ಕಿದ್ದು ಒಂದೇ. ಅದರಲ್ಲಿ ಗುಪ್ತಚರ ಕುಳಿತರು, ಇಬ್ಬರು ಹಗ್ಗ ಕಟ್ಟಿ ಎಳೆದರು. ಹಾಗಾದರೆ ಶತ್ರು? ಪಾಪ, ರಂಗದ ಮೇಲಿನ ತುಂಗಭದ್ರೆಯ ನಡುಮಡುವಿನಲ್ಲಿ ಕಾಲ್ನಡಿಗೆಯಲ್ಲೇ ಬೆನ್ನಟ್ಟಿದರು.

"ಸಾಬಣ್ಣಾ, ನೀರಾಗ ಅದೀ, ಪೈಜಾಮಾ ಎತ್ತಿಕೋ" ಎಂದು ಯಾರೋ ನೆನಪಿಸಿದರು. ದಸ್ತಗೀರಸಾಬ ಎತ್ತಿಕೊಂಡರು. ಆಟ ಮುಗಿಯುವವರೆಗೂ ಇಳಿಸಲಿಲ್ಲ.

ಹೀಗೆ ವರ್ಷಗಳು ನಡೆದವು. ಎಂಬತ್ತರ ದಶಕ ಬಂತು. ಒಂದು ಮಳೆಗಾಲದಲ್ಲಿ ನಿಮ್ಮ ಅಜ್ಜನ ಗಂಟಲಲ್ಲಿ ಗಡ್ಡೆ ಎದ್ದಿತು. ಹುಬ್ಬಳ್ಳಿಗೆ ಹೋಗಿ ಕೊಯ್ಯಿಸಿಕೊಂಡು ಬಂದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಉಳಿದದ್ದು ಕಿವಿಗೊಟ್ಟರೆ ಮಾತ್ರ ಕೇಳುವ ಒಂದು ಪಿಸುಮಾತು. ಅವರು ಅಂಗಡಿಗೆ ಹೋಗುವುದನ್ನು ಬಿಟ್ಟರು. ಯಾರಾದರೂ ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಊರವರಿಗೆ ಪಿಚ್ಚರಿನ ಚಿಂತೆ. ಗದಗಿನ ತರುಣನೊಬ್ಬ ಫಟಫಟಿ ಮೇಲೆ ಬಂದು ಹೊಸ ಗುಪ್ತಚರ ಆಗುತ್ತೇನೆಂದ. ದೊಡ್ಡಜ್ಜ ಚಹಾ ಕುಡಿಸಿದರು.

"ತಮ್ಮಾ, ನೀ ಚಂದ ಅದೀ, ಫಟಫಟಿನೂ ಚಂದ ಐತಿ. ಆದ್ರ ನಮ್ಮ ಗುಪ್ತಚರ ನಡಕೋತ ಹೋಗಾಂವ."

ಅದನ್ನು ಕೇಳಿಸಿಕೊಂಡ ನಿಮ್ಮ ಅಜ್ಜ ಹಾಸಿಗೆಯಿಂದ ಎದ್ದು ಬಂದು ಅಣ್ಣನ ಕಿವಿಯಲ್ಲಿ ಹೇಳಿದರು: "ಅಂವನ್ನ ತಗೋ ಅಣ್ಣಾ. ಪಿಚ್ಚರ್ ನಿಲ್ಲಬಾರ್ದು."

"ಮಾತಾಡಬ್ಯಾಡ ಅಂತ ಡಾಕ್ಟರ್ ಹೇಳಿಲ್ಲೇನು? ಸುಮ್ನಿರು" ಎಂದು ದೊಡ್ಡಜ್ಜ ಗದರಿಸಿದರು.

ಆ ಸಲದ ಪಿಚ್ಚರು ಲಕ್ಷ್ಮೇಶ್ವರದಲ್ಲಿ. ಗುಪ್ತಚರ ಮೂಕ ಆಳಿನ ವೇಷದಲ್ಲಿ ಶತ್ರುಗಳ ಮನೆಯಲ್ಲಿ ಚಹಾ ಕೊಡುತ್ತಾನೆ, ಪಿಚ್ಚರಿನುದ್ದಕ್ಕೂ ಮಾತೇ ಆಡುವುದಿಲ್ಲ. ಅಕ್ಕ ಕೇಳಿಯೇ ಬಿಟ್ಟರು: "ಮಾತಾಡೂದ ಇಲ್ಲಂದ್ರ ಅಂವ ಎಂಥಾ ಗುಪ್ತಚರ್ರಿ?"

"ಗುಪ್ತಚರ ಅಂದ್ರ ಸುಮ್ನ ಇರಾಂವ ಅಲ್ಲೇನ? ಇಷ್ಟ ವರ್ಷ ಅಂವ ಒದರಿದ್ದ ತಪ್ಪು."

ನಿಮ್ಮ ಅಜ್ಜ ಎಷ್ಟೋ ತಿಂಗಳ ಮೇಲೆ ಕನ್ನಡಿಯ ಮುಂದೆ ನಿಂತು ಮೀಸೆ ಬರೆದುಕೊಂಡರು. ಜನ ಕಿಕ್ಕಿರಿದಿದ್ದರು. ದಸ್ತಗೀರಸಾಬ ಇಬ್ಬರ ಮಾತನ್ನೂ ತಾವೇ ಆಡಿ ಬೆವತು ಹೋದರು. ಕೊನೆಯ ದೃಶ್ಯದಲ್ಲಿ ಅವರು ಅಟ್ಟಹಾಸ ಮಾಡಿದರು: "ಆ ಗುಪ್ತಚರ ಸತ್ತ. ಬದುಕಿದ್ದರೆ ಉತ್ತರ ಕೊಡಲಿ."

ಆಗ ಮೈಕು ಸ್ಪೀಕರುಗಳ ಗುಂಯ್ ಸದ್ದೆಲ್ಲ ಒಮ್ಮೆಲೇ ನಿಂತಿತು. ಕರೆಂಟು ಹೋಯಿತೆಂದುಕೊಂಡೆ, ಆದರೆ ದೀಪಗಳು ಉರಿಯುತ್ತಿದ್ದವು. ಇಡೀ ಮಂಟಪ ಗಪ್ಪಾಯಿತು. ಕೂಸುಗಳೂ ಅಳಲಿಲ್ಲ. ಚಹಾದ ತಟ್ಟೆ ಕೆಳಗಿಟ್ಟು ನಿಮ್ಮ ಅಜ್ಜ ಮುಂದೆ ಬಂದರು, ತಮ್ಮ ಉಳಿದಷ್ಟೇ ದನಿಯಲ್ಲಿ ಹೇಳಿದರು:

"ಅದೀನಿ."

ಹಿಂದೆ, ಹೆಂಗಸರ ಕೊನೆಯ ಸಾಲಿನಲ್ಲಿದ್ದ ನನಗೂ ಕೇಳಿಸಿತು.

ಚಪ್ಪಾಳೆ ಎಷ್ಟು ಹೊತ್ತು ಬಿತ್ತೋ. ಮುಂದಿನ ಮಾತು ಶುರುವಾದರೂ ಮೈಕು ಮಾತ್ರ ಹತ್ತಲಿಲ್ಲ. ಅಕ್ಕ ಎದ್ದು ಒಳಗೆ ನೋಡಲು ಹೋದರಂತೆ. ಮೈಕಿನ ಹುಡುಗನನ್ನು ಎಬ್ಬಿಸಿ ಕಳಿಸಿ, ತಾವೇ ಮೈಕು ಆರಿಸಿ ಗುಂಡಿಯ ಬಳಿ ಕುಳಿತಿದ್ದ ನಿರ್ಮಾಪಕರು ಸೈಡ್ ಪರದೆಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಗುಂಡಿ ಎಲ್ಲಿದೆ ಎಂಬುದೇ ಅವರಿಗೆ ಕಾಣುತ್ತಿರಲಿಲ್ಲ.